ನಾಲ್ಕು ಗಂಟೆ ಹದಿನೇಳು ನಿಮಿಷ

ಉತ್ತರ ಬಂದೇ ಬರುತ್ತದೆ, ಬಂದದ್ದನ್ನು ಹಾಗೇ ಮಗಳ ಫೋನಿಗೆ ತಳ್ಳಿಬಿಟ್ಟರೆ ತಾನು ಬಾಯಿ ಬಿಡುವ ಪ್ರಮೇಯವೇ ಇರುವುದಿಲ್ಲ ಎಂದು ಐದು ವಾರದಿಂದ ಕಾಯುತ್ತಿದ್ದ ಅರವಿಂದನಿಗೆ ಉತ್ತರ ಬಂದದ್ದು ಶುಕ್ರವಾರ ಮಧ್ಯಾಹ್ನ, ಪರ್ತಿನ ವೆಲ್ಷ್‌ಪೂಲಿನ ಶೆಡ್ಡಿನಲ್ಲಿ ಕಲ್ಲಿನ ಟ್ರೇಗಳ ಮುಂದೆ ಬಗ್ಗಿ ನಿಂತಿದ್ದಾಗ. ಅಡಿಲೇಡಿನ ಆಸ್ಪತ್ರೆಯವರು ಬಹಳ ಮರ್ಯಾದೆಯಿಂದ ಬರೆದಿದ್ದರು. ತಾವು ಕೇಳಿರುವ ಹೆರಿಗೆಯ ಕಡತವನ್ನು, ಇಟ್ಟುಕೊಳ್ಳಬೇಕಾದ ಅವಧಿ ಮುಗಿದ ಮೇಲೆ, ನಿಯಮದಂತೆ ನಾಶಪಡಿಸಲಾಗಿದೆ. ಮಗು ಹುಟ್ಟಿದ ತಾರೀಕನ್ನು ಖಾತ್ರಿಪಡಿಸಬಹುದು, ಹೊತ್ತನ್ನು ಅಲ್ಲ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಇನ್ನೊಮ್ಮೆ ಓದಿದ. ಎರಡು ಸಲ ಓದಿದರೆ ನಾಶವಾದ ಕಡತ ಎದ್ದು ಬರುತ್ತದೆಯೇ, ಆದರೂ ಓದಿದ. ನಾಳೆ ಬೆಳಿಗ್ಗೆ ಬ್ರಿಸ್ಬೇನಿನ ನಾರ್ತ್ ಲೇಕ್ಸಿನಲ್ಲಿ ಮಗಳು ತನ್ವಿ ತನ್ನ ಎಂಟು ತಿಂಗಳ ಕೂಸು ಶ್ರೀಜಾಳನ್ನು ಎತ್ತಿಕೊಂಡು ಈಜುಕೊಳಕ್ಕೆ ಇಳಿಯಬೇಕು. ಪುಟ್ಟ ಮಕ್ಕಳ ಈಜು ತರಗತಿಯಲ್ಲಿ ತಾಯಿಯೋ ತಂದೆಯೋ ಜೊತೆಗೆ ನೀರಿನಲ್ಲಿರಬೇಕೆಂಬುದು ಅಲ್ಲಿಯ ಕಾನೂನು. ಎರಡು ವಾರ ಹೋಗಿ, ಎರಡು ವಾರವೂ ಮೊದಲ ಮೆಟ್ಟಿಲಿಗೇ ಹೆದರಿ ವಾಪಸು ಬಂದಿದ್ದಾಳೆ. ಅವಳಿಗೆ ಜಲಕಂಟಕವಿದೆ ಎಂದು ಅವಳ ತಾತ ಬರೆದ ಜಾತಕ ಹೇಳುತ್ತದೆ. ಆ ಜಾತಕ ಬರೆದದ್ದು ಅರವಿಂದ ಕೊಟ್ಟ ಹುಟ್ಟಿದ ಹೊತ್ತಿನ ಮೇಲೆ. ಆ ಹೊತ್ತು, ನಾಲ್ಕು ಗಂಟೆ ಹದಿನೇಳು ನಿಮಿಷ, ಅರವಿಂದ ನಿಂತ ನಿಲುವಿನಲ್ಲಿ ಹುಟ್ಟಿಸಿದ್ದು.

ಇಂಥ ಪುಣ್ಯಾತ್ಮನ ಉದ್ಯೋಗವೋ, ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಗಣಿ ಕಂಪನಿಯವರು ನೆಲವನ್ನು ಮುನ್ನೂರು ನಾನೂರು ಮೀಟರು ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಟ್ರೇಗಳಲ್ಲಿ ಜೋಡಿಸಿ ಕಳಿಸುತ್ತಾರೆ. ಅರವಿಂದ ಅದಕ್ಕೆ ನೀರು ಚಿಮುಕಿಸಿ, ಭೂತಗನ್ನಡಿ ಹಿಡಿದು, ಮೀಟರು ಮೀಟರಿಗೆ ಇಲ್ಲಿ ಇಂಥ ಕಲ್ಲು ಎಂದು ದಾಖಲಿಸುತ್ತಾನೆ. ಮೂವತ್ತು ವರ್ಷದಿಂದ ಅದೇ ಕೆಲಸ. ಫೋನನ್ನು ಜೇಬಿಗೆ ಹಾಕುವಷ್ಟರಲ್ಲಿ ಸುಪ್ರೀತಾ ಬಂದಳು. ದಾವಣಗೆರೆಯ ಹುಡುಗಿ, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಎರಡು ವರ್ಷದಿಂದ ಅವನ ಬಾಸ್. ನಾಲ್ಕು ಜನರ ಮುಂದೆ ಅರವಿಂದ್ ಅನ್ನುತ್ತಾಳೆ, ಯಾರೂ ಇಲ್ಲದಾಗ ಅಂಕಲ್ ಅನ್ನುತ್ತಾಳೆ. ಎರಡೂ ಅವನಿಗೆ ಅಷ್ಟಿಷ್ಟು ಚುಚ್ಚುತ್ತವೆ.

"ಅಂಕಲ್, ಇನ್ನೂರ ಹನ್ನೆರಡರಿಂದ ಹದಿಮೂರೂವರೆ ಮೀಟರ್ ತನಕ ಏನೂ ಬರ್ದೇ ಇಲ್ವಲ್ಲ?"

"ಅಲ್ಲಿ ಕಲ್ಲೇ ಬಂದಿಲ್ಲಮ್ಮ. ಕೊರೆಯುವಾಗ ಪುಡಿಯಾಗಿ ನೀರಲ್ಲಿ ಹೋಗ್ಬಿಟ್ಟಿದೆ."

"ಮೇಲೂ ಕ್ವಾರ್ಟ್ಜ್, ಕೆಳಗೂ ಕ್ವಾರ್ಟ್ಜ್. ಮಧ್ಯದಲ್ಲೂ ಅದೇ ಇರತ್ತಲ್ವಾ?"

"ಇರಬಹುದು. ಇರಬಹುದು ಅನ್ನೋದನ್ನ ಇದೆ ಅಂತ ಬರೆಯಕ್ಕಾಗಲ್ಲ. ಸಿಕ್ಕಿಲ್ಲ ಅಂತ ಬರೀಬೇಕು, ಅಷ್ಟೇ."

ಸುಪ್ರೀತಾ ನಕ್ಕಳು. "ನಿಮ್ಮ ಬಾಯಲ್ಲಿ ಒಂದು ಸುಳ್ಳು ಹೊರಡಲ್ಲ ಬಿಡಿ ಅಂಕಲ್," ಎಂದು ಪಾಪ ಪ್ರೀತಿಯಿಂದಲೇ ಹೇಳಿ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅರವಿಂದ ಜೇಬು ಮುಟ್ಟಿ ನೋಡಿಕೊಂಡ. ಫೋನು ಅಲ್ಲೇ ಇತ್ತು.

ತನ್ವಿ ಹುಟ್ಟಿದ ದಿನ ಕೂಡ ಕೈತುಂಬ ಹೀಗೇ ಕಲ್ಲಿನ ಕೆಂಪು ಧೂಳು. ಅಡಿಲೇಡಿನಿಂದ ಆರು ಗಂಟೆ ದೂರದ ಗಣಿಯಲ್ಲಿದ್ದ. ಬೆಳಿಗ್ಗೆ ಆಫೀಸಿಗೆ ಫೋನು ಬಂತು, ಹೆಂಡತಿ ರತ್ನಾಳನ್ನು ಅಡ್ಮಿಟ್ ಮಾಡಿದ್ದಾರೆ, ಮೂರು ವಾರ ಮುಂಚೆಯೇ. ಒಂದೇ ಉಸಿರಿಗೆ ಗಾಡಿ ಓಡಿಸಿಕೊಂಡು ಬಂದ. ಮೂರು ಗಂಟೆಗೆ ಆಸ್ಪತ್ರೆ ಮುಟ್ಟಿದರೆ, ಇನ್ನೂ ಹೊತ್ತಿದೆ, ಸ್ವಲ್ಪ ಆರಾಮ ಮಾಡಿ ಎಂದಳು ನರ್ಸು. ರತ್ನಾ ಬೆವರಿದ ಮುಖದಲ್ಲೇ ನಕ್ಕು, "ಹೋಗ್ರೀ, ಬ್ಯಾಗ್ ತನ್ನಿ, ಹಾಗೇ ಮುಖ ತೊಳ್ಕೊಳ್ಳಿ, ಮಗು ಹೆದರ್ಕೊಳತ್ತೆ," ಅಂದಳು. ಬ್ಯಾಗು ತರಲು ಕೆಳಗೆ ಬಂದು, ಮರದ ನೆರಳಿನಲ್ಲಿ ನಿಲ್ಲಿಸಿದ್ದ ಕಾರಿನ ಸೀಟಿಗೆ ಐದೇ ನಿಮಿಷ ಒರಗಿದ. ಎಚ್ಚರವಾದಾಗ ಬಿಸಿಲು ಕಟ್ಟಡದ ಹಿಂದಕ್ಕೆ ಹೋಗಿತ್ತು, ಕೈಗಡಿಯಾರದಲ್ಲಿ ಐದೂಮುಕ್ಕಾಲು. ಬ್ಯಾಗು ಮರೆತು ಮೇಲಕ್ಕೆ ಓಡಿದ. ಅಷ್ಟರಲ್ಲಿ ಏನೋ ತೊಡಕಾಗಿ, ರತ್ನಾಳಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ತಾಯಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮಗು ತೊಟ್ಟಿಲಲ್ಲಿತ್ತು. ಎಲ್ಲಿ ಹೋಗಿದ್ದಿರಿ, ಮೈಕಿನಲ್ಲಿ ಎರಡು ಸಲ ಕೂಗಿಸಿದೆವು ಎಂದರು. ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದರು, ಆದರೂ ಅವನ ಕಿವಿ ಬಿಸಿಯಾಯಿತು.

ಆಮೇಲೆ ಕೆಳಗಿನ ಫೋನು ಬೂತಿನಿಂದ ಮೈಸೂರಿಗೆ ಫೋನು ಮಾಡಿದ. ಎತ್ತಿದ್ದು ಮಾವ, ರತ್ನಾಳ ತಂದೆ. ನಿವೃತ್ತ ಗಣಿತದ ಮೇಷ್ಟರು, ಪಂಚಾಂಗ ನೋಡುವುದರಲ್ಲಿ ಕೂಡ ಅಷ್ಟೇ ಕಟ್ಟುನಿಟ್ಟು. ಹೆಣ್ಣು ಅಂದ ಕೂಡಲೇ ಮುದುಕ ಬಿಕ್ಕಿದ್ದು ಕೇಳಿಸಿತು. ನಂತರ ಗಂಟಲು ಸರಿಮಾಡಿಕೊಂಡು, "ಎಷ್ಟು ಹೊತ್ತಿಗೆ ಆಯ್ತು? ನೀವು ಹತ್ತಿರ ಇದ್ರಿ ತಾನೆ?" ಅಂದರು. ಇರಲಿಲ್ಲ, ನಿದ್ದೆ ಹೋಗಿದ್ದೆ ಎಂದು ಹೇಳಲು ಎಷ್ಟು ಉಸಿರು ಬೇಕು? "ಇದ್ದೆ. ನಾಲ್ಕು... ನಾಲ್ಕು ಹದಿನೇಳಕ್ಕೆ," ಅಂದ. ನಾಲ್ಕೂಕಾಲು ಅಂದಿದ್ದರೆ ಅಂದಾಜು ಅನ್ನಿಸುತ್ತಿತ್ತು. ಹದಿನೇಳು ಅಂದರೆ ಅಲ್ಲೇ ನಿಂತು ಗಡಿಯಾರ ನೋಡಿದವನು ಹೇಳಿದ ಹಾಗಿರುತ್ತದೆ. ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. "ಆ ದೇಶದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರಂತಲ್ಲ, ಅದನ್ನ ಕಳೆಯಬೇಕೋ ಬೇಡವೋ?" ಎಂದು ಮಾವ ಕೇಳಿದರು. ಕಳೆಯಬೇಕು ಅಂದ. ಆ ಮನುಷ್ಯ ಅದನ್ನು ಕಳೆದು, ಅಡಿಲೇಡಿನ ಅಕ್ಷಾಂಶ ರೇಖಾಂಶವನ್ನು ಶಾಲೆಯ ಅಟ್ಲಾಸಿನಲ್ಲಿ ಹುಡುಕಿ, ಕಲೆ ವಿಕಲೆಯನ್ನೂ ಬಿಡದೆ ಗುಣಿಸಿ, ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಕಳಿಸಿದ ಜಾತಕ ಹದಿನೈದನೆಯ ದಿನಕ್ಕೆ ಬಂತು. ಆಯುಸ್ಸು ಗಟ್ಟಿ, ವಿದ್ಯೆ ಉಂಟು, ಸ್ವಭಾವ ಹಟದ್ದು. ಜಲಕಂಟಕವಿದೆ, ನೀರಿನಿಂದ ದೂರ ಇಡತಕ್ಕದ್ದು.

ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆಯುವುದು ಅದರ ಮರುದಿನದ ಒಂದು ಗಳಿಗೆ. ನರ್ಸು ಕಡತ ಬಿಚ್ಚಿಕೊಂಡು, ತೂಕ ಇಷ್ಟು, ಉದ್ದ ಇಷ್ಟು ಎಂದು ಓದಿ, ಬೇರೆ ಏನಾದರೂ ತಿಳಿಯಬೇಕೇ ಎಂದು ಕೇಳಿದ್ದಳು. ಹೊತ್ತು ಆ ಹಾಳೆಯಲ್ಲೇ ಇತ್ತು. ಒಂದು ಮಾತು ಕೇಳಿ, ಸಂಜೆ ಮೈಸೂರಿಗೆ ಇನ್ನೊಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಏನೂ ಬೇಡ, ಥ್ಯಾಂಕ್ಸ್ ಎಂದ. ಮೊಮ್ಮಗಳ ಲಗ್ನ ಯಾವುದೆಂದು ಮಾವ ಆಗಲೇ ಬೀದಿಗೆಲ್ಲ ಹೇಳಿ ಬಂದಿದ್ದರು. ಮಗುವಿನ ಪುಸ್ತಕದಲ್ಲಿ ಹುಟ್ಟಿದ ಸಮಯದ ಜಾಗ ಖಾಲಿ ಉಳಿದಿದ್ದನ್ನು ನೋಡಿ ರತ್ನಾ ಹಾಸಿಗೆಯಲ್ಲೇ ಪೆನ್ನು ಕೇಳಿ ಈಸಿಕೊಂಡು 4.17 ಎಂದು ತನ್ನ ದುಂಡು ಅಕ್ಷರದಲ್ಲಿ ತುಂಬಿದಳು. ಪೆನ್ನು ಕೊಟ್ಟವನು ಇವನೇ.

ಸಂಜೆ ಟಾಂಕಿನ್ ಹೈವೇ ಮೇಲೆ ಎಲೆನ್‌ಬ್ರೂಕಿನ ಮನೆ ಕಡೆಗೆ ಹೊರಟಾಗ ಸೂರ್ಯ ಎಡಗಡೆಯ ಕಿಟಕಿಗೆ ಹೊಡೆಯುತ್ತಿದ್ದ. ಪರ್ತಿಗೆ ಬಂದಾಗ ತನ್ವಿಗೆ ಮೂರು ವರ್ಷ. ಎರಡು ಮನೆಗೊಂದು ಈಜುಕೊಳವಿರುವ ಊರು, ಭಾನುವಾರ ಬಂದರೆ ಸಮುದ್ರ. ಕನ್ನಡ ಸಂಘದವರು ಬೀಚಿನಲ್ಲಿ ಬಾರ್ಬಿಕ್ಯೂ ಊಟ ಇಟ್ಟುಕೊಂಡರೆ ಎಲ್ಲರ ಮಕ್ಕಳೂ ಅಲೆಯಲ್ಲಿ ಬಿದ್ದು ಏಳುತ್ತಿದ್ದವು, ತನ್ವಿ ಮಾತ್ರ ಒಣ ಮರಳಿನಲ್ಲಿ ಮನೆ ಕಟ್ಟುತ್ತಿದ್ದಳು. ರತ್ನಾ ಅವಳ ಫ್ರಾಕಿನ ಚುಂಗು ಹಿಡಿದೇ ಕೂತಿರುತ್ತಿದ್ದಳು. ಶಾಲೆಯಲ್ಲಿ ವರ್ಷಕ್ಕೆರಡು ವಾರ ಈಜು ಕಲಿಸುತ್ತಿದ್ದರು. ರತ್ನಾ ಡಾಕ್ಟರು, ಪ್ರತಿ ವರ್ಷ ಕಿವಿ ಸೋರುತ್ತಿದೆ ಎಂದು ಚೀಟಿ ಬರೆಯುತ್ತಿದ್ದಳು, ಅರವಿಂದ ಕೆಳಗೆ ಸಹಿ ಹಾಕುತ್ತಿದ್ದ. ನಾಲ್ಕನೆಯ ಕ್ಲಾಸಿನಲ್ಲಿ ಒಮ್ಮೆ ಕರೆತರಲು ಹೋದಾಗ ನೋಡಿದ: ಕೊಳದ ದಂಡೆಯ ಬೆಂಚಿನ ಮೇಲೆ ಯೂನಿಫಾರ್ಮಿನಲ್ಲೇ ಕೂತಿದ್ದಾಳೆ, ತೊಡೆಯ ಮೇಲೆ ಉಳಿದ ಮಕ್ಕಳ ಟವೆಲ್ಲುಗಳು. ಯಾರದು ಯಾವುದೆಂದು ಅವಳಿಗೆ ಗೊತ್ತು, ಮಕ್ಕಳು ಬಂದ ಹಾಗೆ ಒಂದೊಂದಾಗಿ ಕೊಡುತ್ತಿದ್ದಾಳೆ. ಅವತ್ತು ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅವಳಿಗೆ ಬಿಸಿ ಚಿಪ್ಸ್ ಕೊಡಿಸಿದ. ನನ್ನ ಕಿವಿ ಯಾವತ್ತೂ ಸೋರಲೇ ಇಲ್ಲವಲ್ಲ ಅಪ್ಪ ಎಂದು ಕೇಳಿದಳು. ಸೋರದಿರಲಿ ಅಂತಲೇ ಎಂದ. ಎಂಥ ಉತ್ತರ! ಆದರೂ ಮಗು ಒಪ್ಪಿಕೊಂಡು ಚಿಪ್ಸ್ ತಿಂದಿತು.

ಹೇಳಬಾರದಿತ್ತೇ? ಹೇಳಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಆ ಸುಳ್ಳಿಗೆ ಮಗಳ ಪ್ರೀತಿ ಹತ್ತಿಕೊಂಡಿತ್ತು. ಪ್ರತಿ ಹುಟ್ಟುಹಬ್ಬಕ್ಕೂ ಕೇಕು ಕೊಯ್ಯುವ ಮುಂಚೆ ಅವಳಿಗೆ ಅದೇ ಕಥೆ ಬೇಕು. ಅಮ್ಮ ನಿದ್ದೆಯಲ್ಲಿದ್ದಳು, ತಾತ ಅಜ್ಜಿ ಸಮುದ್ರದಾಚೆ ಇದ್ದರು, ಇಡೀ ಪ್ರಪಂಚದಲ್ಲಿ ನಿನ್ನನ್ನು ಮೊದಲು ನೋಡಿದವನು ನಾನು, ಗೋಡೆಯ ಗಡಿಯಾರದಲ್ಲಿ ನಾಲ್ಕು ಹದಿನೇಳು. ತಿಂಗಳಲ್ಲಿ ಮೂರು ವಾರ ಗಣಿಯಲ್ಲಿರುವ ಅಪ್ಪ, ಶಾಲೆಯ ನಾಟಕಕ್ಕಿಲ್ಲ, ಜ್ವರಕ್ಕಿಲ್ಲ, ಹಲ್ಲು ಬಿದ್ದ ದಿನಕ್ಕಿಲ್ಲ. ಆದರೆ ಆ ಒಂದು ದಿನಕ್ಕಿದ್ದ. ಮದುವೆಯ ದಿನ ಕೂಡ ತನ್ವಿ ಮೈಕು ಹಿಡಿದು ಅದನ್ನೇ ಹೇಳಿದಳು, ಅಳಿಯ ಅಕ್ಷಯನ ಕಡೆಯ ಹೆಂಗಸರು ಕಣ್ಣೊರೆಸಿಕೊಂಡರು. ಅರವಿಂದನೂ ಒರೆಸಿಕೊಂಡ, ಅವನ ಕಾರಣ ಬೇರೆ. ಈಗ ಮಗಳನ್ನು ನೀರಿಗೆ ಬಿಡಬೇಕಾದರೆ ಆ ಅಪ್ಪನನ್ನು ಅವಳಿಂದ ಕಿತ್ತುಕೊಳ್ಳಬೇಕು.

ಟ್ರಾಫಿಕ್ ಲೈಟಿನಲ್ಲಿ ನಿಂತಾಗ ಒಂದು ಉಪಾಯ ಹೊಳೆಯಿತು. ಆಸ್ಪತ್ರೆಯ ಕಾಗದವನ್ನು ತಾನೊಬ್ಬನೇ ಓದಿರುವುದು. ಕಡತ ಸಿಕ್ಕಿತು, ಅದರಲ್ಲಿ ಐದು ಗಂಟೆ ಐದು ನಿಮಿಷ ಎಂದಿದೆ, ಗೋಡೆಯ ಗಡಿಯಾರ ಕೆಟ್ಟಿತ್ತು ಎಂದುಬಿಟ್ಟರೆ? ಲಗ್ನ ಬದಲಾಗುತ್ತದೆ, ಕಂಟಕ ಹೋಗುತ್ತದೆ, ಅಪ್ಪ ಉಳಿಯುತ್ತಾನೆ. ಹೊಸ ಹೊತ್ತಿಗೆ ಜಲಕಂಟಕ ಬರುವುದಿಲ್ಲವೆಂದು ಫೋನಿನಲ್ಲೇ ನೋಡಿ ಖಾತ್ರಿ ಮಾಡಿಕೊಳ್ಳಬಹುದು, ಬಂದರೆ ಇನ್ನೊಂದು ಹೊತ್ತು ಹುಡುಕಬಹುದು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅರವಿಂದ ಗಾಡಿ ಮುಂದೆ ಬಿಟ್ಟ. ಐದೂ ಐದು ಬೇಡ, ತೀರಾ ನುಣ್ಣಗಿದೆ, ಐದೂ ಆರು ಅನ್ನೋಣ ಎಂದು ಯೋಚಿಸುತ್ತಿದ್ದುದು ಗಮನಕ್ಕೆ ಬಂದಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಮನೆಗೆ ಬಂದಾಗ ರತ್ನಾ ಕ್ಲಿನಿಕ್ಕಿನ ಬಟ್ಟೆಯಲ್ಲೇ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಹುರುಳಿಕಾಯಿ ಹೆಚ್ಚುತ್ತ ಮಗಳೊಡನೆ ವಾದ ಮಾಡುತ್ತಿದ್ದಳು. ಈ ಮನೆಯಲ್ಲಿ ತಾಯಿಯದು ಕನ್ನಡ, ಮಗಳದು ಇಂಗ್ಲಿಷು. ಇಪ್ಪತ್ತೇಳು ವರ್ಷದಿಂದ ಜಗಳ, ಮುದ್ದು ಎಲ್ಲವೂ ಹಾಗೇ ನಡೆದಿದೆ. ತೆರೆಯ ಮೇಲೆ ತನ್ವಿಯ ಭುಜಕ್ಕೆ ಒರಗಿ ಶ್ರೀಜಾ ಚಮಚ ಕಚ್ಚುತ್ತಿತ್ತು.

"ಅಕ್ಷಯ ಇಳೀಲಿ ಅಂತಿದೀನಿ, ಅಷ್ಟೇ. ಮಗು ಕಲಿಯೋದು ಬೇಡ ಅಂದ್ನಾ ನಾನು?"

ಅಕ್ಷಯ್ ಇಳಿಯಬಹುದು ಅಮ್ಮ, ಎಂದಳು ತನ್ವಿ ತನ್ನ ಇಂಗ್ಲಿಷಿನಲ್ಲಿ. ನಾನು ದಂಡೆಯ ಮೇಲೆ ಟವೆಲ್ಲು ಹಿಡಿದುಕೊಂಡು ಕೂರಬಹುದು. ಇವಳು ಅದನ್ನೇ ನೋಡಿಕೊಂಡು ಬೆಳೆಯಬಹುದು. ನನಗೆ ಅದು ಬೇಡ.

"ನಾನೇನು ಏನೂ ತಿಳಿಯದವಳಾ ತನ್ವಿ? ದಿನಾ ಬರೋ ತಾಯಂದಿರಿಗೆಲ್ಲ ಈಜು ಕಲಿಸಿ ಅಂತ ನಾನೇ ಹೇಳ್ತೀನಿ. ನನ್ನ ಮಗಳ ವಿಷಯಕ್ಕೆ ಬಂದ್ರೆ ನಂಗೆ ಧೈರ್ಯ ಬರಲ್ಲ, ಏನ್ ಮಾಡ್ಲಿ? ತಾತ ಸುಮ್ನೆ ಬರೆದಿದ್ದಲ್ಲ. ನಿಮಿಷ ಸಮೇತ ಟೈಮ್ ಇತ್ತು. ನಿಮ್ಮಪ್ಪ ಕಣ್ಣಾರೆ ನೋಡಿ ಹೇಳಿದ್ದು. ಇಗೋ ಬಂದ್ರು, ಕೇಳು ಬೇಕಾದ್ರೆ. ಹೇಳ್ರೀ ನೀವೇ."

ತನ್ವಿ ತೆರೆಯ ಹತ್ತಿರಕ್ಕೆ ಬಂದಳು. ಬಹಳ ಹೆದರಿದಾಗ ಮಾತ್ರ ಅವಳಿಗೆ ಕನ್ನಡ ಬರುತ್ತದೆ.

"ಅಪ್ಪ, ನೀನು ಅಲ್ಲಿದ್ದೆ ಅಲ್ವಾ?"

ಅರವಿಂದ ಬಾಗಿಲಲ್ಲೇ ನಿಂತಿದ್ದ, ಇನ್ನೂ ಬೂಟು ಬಿಚ್ಚಿರಲಿಲ್ಲ. ಐದು ಗಂಟೆ ಆರು ನಿಮಿಷ ನಾಲಿಗೆಯ ತುದಿಯಲ್ಲೇ ಇತ್ತು.

"ಇರ್ಲಿಲ್ಲ ಪುಟ್ಟ," ಅಂದ. "ಕಾರಲ್ಲಿ ಮಲಗ್ಬಿಟ್ಟಿದ್ದೆ. ಎದ್ದು ಬರೋವಷ್ಟರಲ್ಲಿ ನೀನು ಹುಟ್ಟಿ ಎಷ್ಟೋ ಹೊತ್ತಾಗಿತ್ತು. ನಾಲ್ಕು ಹದಿನೇಳು ಅನ್ನೋದು ನಾನು ಬಾಯಿಗೆ ಬಂದಿದ್ದು ಹೇಳಿದ್ದು."

ರತ್ನಾಳ ಚಾಕು ನಿಂತಿತು. "ಯಾವ ಕಾರಲ್ಲಿ?" ಎಂದಳು.

"ನಮ್ಮ ಹಳೇ ಬಿಳೀ ಕಾರು."

ಆ ಉತ್ತರ ಬಹಳ ಮುಖ್ಯವೇನೋ ಎಂಬಂತೆ ಅವಳು ತಲೆಯಾಡಿಸಿದಳು. ಚಾಕು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಗಂಡನನ್ನು ಬೂಟಿನಿಂದ ತಲೆಯವರೆಗೆ ನೋಡಿದಳು. "ಇಪ್ಪತ್ತೇಳು ವರ್ಷ ರೀ. ಇವಳು ಸ್ನಾನಕ್ಕೆ ಹೋದ್ರೂ ಬಾಗಿಲ ಹೊರಗೆ ನಿಂತಿರ್ತಿದ್ದೆ. ಇವಳ ಕಣ್ಣಲ್ಲಿ ನಾನು ಕೆಟ್ಟೋಳಾದೆ. ನಮ್ಮಪ್ಪ ಸಾಯೋ ಮುಂಚೆ ಕೂಡ ಫೋನಲ್ಲಿ ಅದೇ ಕೇಳಿದ್ರು, ಮಗು ನೀರ ಹತ್ರ ಹೋಗ್ತಿಲ್ಲ ತಾನೇ ಅಂತ. ನೀವು ಪಕ್ಕದಲ್ಲೇ ಕೂತಿದ್ರಿ." ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅರವಿಂದನಿಗೆ ಸಮಾಧಾನವಾಗುತ್ತಿತ್ತು. ಕೈ ಒರೆಸಿಕೊಂಡು ಒಳಗೆ ಹೋದಳು, ರೂಮಿನ ಬಾಗಿಲು ಮೆಲ್ಲಗೆ ಹಾಕಿಕೊಂಡದ್ದು ಕೇಳಿಸಿತು.

ಉಳಿದದ್ದು ಅವನು, ಸಕ್ಕರೆ ಡಬ್ಬ, ಫೋನಿನಲ್ಲಿ ಮಗಳು. ತನ್ವಿ ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು, ಹಾಗಾದರೆ ನನಗೆ ಕಂಟಕವಿಲ್ಲ, ಎಂದಳು. ಇಲ್ಲ ಅನ್ನಲು ಅವನಿಗೆ ಬಹಳ ಆಸೆಯಾಯಿತು. "ಗೊತ್ತಿಲ್ಲ ಪುಟ್ಟ. ಜಾತಕ ನಿಜವೋ ಸುಳ್ಳೋ ಅದೇ ನಂಗೆ ಗೊತ್ತಿಲ್ಲ. ನಿಜಾನೇ ಆಗಿದ್ರೂ ನಿಂದು ಏನು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ. ಆಸ್ಪತ್ರೆಗೆ ಬರೆದಿದ್ದೆ. ಫೈಲೂ ಇಲ್ವಂತೆ." ಇದೆ ಅಂತಿದ್ದರೆ ಹೆದರಿಕೊಂಡು ದೂರ ಇರಬಹುದಿತ್ತು, ಇಲ್ಲ ಅಂದಿದ್ದರೆ ಧುಮುಕಬಹುದಿತ್ತು, ಇದು ಇನ್ನೂ ಕಷ್ಟ ಎಂದಳು ಮಗಳು. ಹೌದು, ಇದು ಕಷ್ಟ ಎಂದ ಅಪ್ಪ. ನನಗೆ ನಿನ್ನ ಮೇಲೆ ತುಂಬ ಕೋಪ ಬಂದಿದೆ, ಈಗ ಬೈಯಲು ಆಗುತ್ತಿಲ್ಲ, ಆಮೇಲೆ ಬೈಯುತ್ತೇನೆ ಎಂದಳು. ಆಯ್ತು ಎಂದ. ಶ್ರೀಜಾ ಚಮಚ ಕೆಳಗೆ ಬೀಳಿಸಿತು. ಅದನ್ನು ಎತ್ತಿಕೊಂಡು ಬಂದ ಮೇಲೆ ತನ್ವಿ ಬೇರೆ ದನಿಯಲ್ಲಿ, ಹಾಗಾದರೆ ನಿಜವಾಗಿ ನೀನು ನೋಡಿದ್ದು ಏನು ಎಂದು ಕೇಳಿದಳು.

ಅದನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ತೊಟ್ಟಿಲಲ್ಲಿದ್ದೆ. ಬಟ್ಟೆ ಸುತ್ತಿದ್ರು, ಒಂದು ಕೈ ಮಾತ್ರ ಹೆಂಗೋ ಹೊರಗೆ ಬಂದಿತ್ತು. ಮುಟ್ಟೋಣ ಅಂತ ಬಗ್ಗಿದೆ, ನನ್ನ ಕೈ ನೋಡಿದ್ರೆ ಕೆಂಪು ಧೂಳು, ಉಗುರಲ್ಲೆಲ್ಲ. ಹೋಗಿ ತೊಳ್ಕೊಂಡು ಬಂದೆ. ಇನ್ನೂ ಇತ್ತು. ಮತ್ತೆ ಹೋದೆ. ಮೂರು ಸಲ ತೊಳ್ದೆ ಪುಟ್ಟ, ಹೋಗ್ಲೇ ಇಲ್ಲ. ಆಮೇಲೆ ಮೊಣಕೈಯಿಂದ ಮುಟ್ಟಿದೆ. ನೀನು ಆಕಳಿಸಿದೆ. ನಂಗೆ ನಾಚಿಕೆ ಆಯ್ತು, ತುಂಬ ಖುಷೀನೂ ಆಯ್ತು." ತನ್ವಿ ಅಳುತ್ತಿದ್ದಳೋ ನಗುತ್ತಿದ್ದಳೋ ತೆರೆಯ ಮೇಲೆ ಗೊತ್ತಾಗಲಿಲ್ಲ. ಇದನ್ನೇ ಹೇಳಬಹುದಿತ್ತಲ್ಲ ಅಪ್ಪ, ಎಂದು ಫೋನಿಟ್ಟಳು.

ಬೆಳಿಗ್ಗೆ ರತ್ನಾ ಎಂದಿನಂತೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎರಡು ಲೋಟ ಕಾಫಿ ಮಾಡಿ, ಅವನದನ್ನು ಮೇಜಿನ ಆ ತುದಿಗೆ ಇಟ್ಟಿದ್ದಳು. ಅರವಿಂದ ಆ ತುದಿಗೇ ಕೂತು ಕುಡಿದ. ಸಕ್ಕರೆ ಸರಿಯಾಗಿಯೇ ಇತ್ತು, ಅದಕ್ಕೆ ಅವನ ಕಣ್ಣು ತುಂಬಿತು. ಏಳು ಗಂಟೆಗೆ, ಅಂದರೆ ಬ್ರಿಸ್ಬೇನಿನಲ್ಲಿ ಒಂಬತ್ತಕ್ಕೆ, ಫೋನು ಬಂತು. ಹಿಡಿದವನು ಅಕ್ಷಯ, ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದವನ ದನಿ. "ಅಂಕಲ್, ತನ್ವಿನೇ ಮಾಡು ಅಂದ್ಲು," ಎಂದು ಕೊಳದ ಕಡೆ ತಿರುಗಿಸಿದ. ಐದಾರು ತಾಯಂದಿರು ಆಗಲೇ ನೀರಿನಲ್ಲಿ ವರ್ತುಲವಾಗಿ ನಿಂತು ಹಾಡು ಹೇಳುತ್ತಿದ್ದಾರೆ. ತನ್ವಿ ಮೊದಲ ಮೆಟ್ಟಿಲ ಮೇಲಿದ್ದಾಳೆ, ಕಂಬಿ ಹಿಡಿದ ಕೈಯ ಗೆಣ್ಣುಗಳು ಬಿಳುಚಿವೆ, ಇನ್ನೊಂದರಲ್ಲಿ ಶ್ರೀಜಾ ನೀರಿನ ಕಡೆಗೆ ಜಗ್ಗುತ್ತಿದೆ. ಹೆದರಿಕೆ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಸತ್ಯ ಹೇಳಿದರೆ ಎಲ್ಲ ತಿಳಿಯಾಗುತ್ತದೆಂದು ಎಲ್ಲೋ ನಂಬಿಕೊಂಡಿದ್ದ ಅರವಿಂದ ಅದನ್ನು ನೋಡಿ ಲೋಟವನ್ನು ದೂರ ಸರಿಸಿದ.

ಹಿಂದಿನಿಂದ ಬಂದ ರತ್ನಾ ಅವನ ಕೈಯಿಂದ ಫೋನು ತೆಗೆದುಕೊಂಡಳು. ಅಮ್ಮನ ಮುಖ ಕಂಡದ್ದೇ ತನ್ವಿ, "ಭಯ ಆಗ್ತಿದೆ ಅಮ್ಮ," ಅಂದಳು.

"ನಂಗೂ ಆಗ್ತಿದೆ ಕಣೆ."

ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು. ರತ್ನಾ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಅವಳ ಇನ್ನೊಂದು ಕೈ ಮೇಜಿನ ಮೇಲೆ ತಡಕಾಡಿ, ಅರವಿಂದನ ಮಣಿಕಟ್ಟು ಸಿಕ್ಕ ಕೂಡಲೇ ಉಗುರು ನೆಡುವಷ್ಟು ಬಿಗಿಯಾಗಿ ಹಿಡಿಯಿತು.

"ನೀರು ಬೆಚ್ಚಗಿದೆಯಾ?" ಎಂದು ಕೇಳಿದಳು.

ತನ್ವಿ ಕಾಲಿನಿಂದ ಮುಟ್ಟಿ ನೋಡಿ ತಲೆಯಾಡಿಸಿದಳು.

"ಮಗೂನ ಎದೆಗೆ ಹಿಡ್ಕೋ. ಇಳಿ."